ಇಂಗ್ಲಿಷ್ ಮೇಷ್ಟ್ರ ತರಬೇತಿ: ಅಳೆಯುವುದು ಎಲ್ಲಿ?

ತರಬೇತಿ ಶಿಬಿರದ ಕೊನೆಯ ಮಧ್ಯಾಹ್ನಕ್ಕೆ ಅದರದೇ ಆದ ಒಂದು ಹವೆಯಿರುತ್ತದೆ. ಅಂದಿನ ಊಟಕ್ಕೆ ಪಾಯಸವಾಗಿರುತ್ತದೆ. ಚೀಲಗಳು ಗೋಡೆಯ ಪಕ್ಕದಲ್ಲಿ ಸಾಲಾಗಿ ಕುಳಿತಿರುತ್ತವೆ. ಪಾವಗಡದ ಕಡೆಗೆ ಹೋಗಬೇಕಾದವರು ಬಸ್ಸನ್ನು ನೆನೆದು ಮತ್ತೆ ಮತ್ತೆ ಗಡಿಯಾರ ನೋಡುತ್ತಿರುತ್ತಾರೆ. ಪ್ರಯಾಣಭತ್ಯದ ಪಟ್ಟಿಗೆ ಸಹಿ, ಹಾಜರಾತಿಯ ಪ್ರಮಾಣಪತ್ರ, ಎಲ್ಲರೂ ನಿಂತು ತೆಗೆಸಿಕೊಳ್ಳುವ ಒಂದು ಫೋಟೋ; ಇವುಗಳ ನಡುವೆ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಬರುತ್ತದೆ. ಈ ತರಬೇತಿ ನಿಮಗೆ ತುಂಬ ಉಪಯುಕ್ತವಾಯಿತೆ, ಉಪಯುಕ್ತವಾಯಿತೆ, ಸ್ವಲ್ಪಮಟ್ಟಿಗೆ ಉಪಯುಕ್ತವಾಯಿತೆ, ಉಪಯುಕ್ತವಾಗಲಿಲ್ಲವೆ? ಸರಿಯಾದುದಕ್ಕೆ ಗುರುತು ಹಾಕಿ. ಐದು ನಿಮಿಷದಲ್ಲಿ ಹಾಳೆಗಳೆಲ್ಲ ಹಿಂದಕ್ಕೆ ಬಂದಿರುತ್ತವೆ. ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಗುರುತು ಬಿದ್ದಿರುವುದು ಮೊದಲನೆಯ ಮನೆಯಲ್ಲಿಯೇ. ಬಡಿಸಿದವರು ಎಲೆಯ ಮುಂದೆಯೇ ನಿಂತು 'ಅಡಿಗೆ ಹೇಗಿದೆ' ಎಂದು ಕೇಳಿದರೆ, ಮರ್ಯಾದಸ್ಥರು ಬೇರೆ ಏನು ತಾನೆ ಹೇಳಿಯಾರು?

ಈ ಹಾಳೆಗಳನ್ನು ಎಣಿಸಿ ವರದಿ ಬರೆಯುವ ಕೆಲಸವನ್ನು ನಾನೇ ಹಲವು ವರ್ಷ ಮಾಡಿದವನು. ಆದ್ದರಿಂದ ಇಂದಿನ ಮಾತಿನಲ್ಲಿ ಟೀಕೆಯೆಂಬುದು ಏನಾದರೂ ಕಂಡರೆ ಅದರ ಮೊದಲ ಪಾಲು ನನ್ನದೇ. 'ತರಬೇತಿಯು ಫಲಪ್ರದವಾಗಿ ನೆರವೇರಿತು' ಎಂಬ ವಾಕ್ಯವನ್ನು ನಾನು ಎಷ್ಟು ಸಲ ಬರೆದಿರುವೆನೋ ಲೆಕ್ಕವಿಟ್ಟಿಲ್ಲ. ನೆರವೇರಿತು ಎಂಬುದು ನಿಜ. ಫಲದ ವಿಷಯ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ.

ತುಮಕೂರಿನ ಕಡೆಯವರಲ್ಲದ ಶ್ರೋತೃಗಳಿಗಾಗಿ ನಾಲ್ಕು ಮಾತು ಹೇಳಬೇಕು. ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಅದರಲ್ಲಿ 10 ತಾಲ್ಲೂಕು. ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುತ್ತಾರೆ. ಮಳೆ ಕಡಮೆಯ ಸೀಮೆ. ಕಡಲೆಕಾಯಿ, ರಾಗಿ, ಬಂಡೆಗಳ ಗುಡ್ಡ. ಕೊರಟಗೆರೆಗೆ ಜಯಮಂಗಲಿಯ ಹೆಸರಾದರೂ ಉಂಟು.  ಇಂಗ್ಲಿಷ್ ಕಲಿಸುವವನ ಕಣ್ಣಿಗೆ ಮಾತ್ರ ಈ ಸೀಮೆ ಬೇರೆಯೇ ರೀತಿ ಕಾಣುತ್ತದೆ. ಕೊರಟಗೆರೆಯ ಹಳ್ಳಿಯ ಮಗು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಶಾಲೆಯಲ್ಲಿಯೂ ಓದುತ್ತದೆ. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಮಲಿಕ್ ರಿಹಾನನ ಗೋರಿ ಇಂದಿಗೂ ಅಲ್ಲಿದೆ. ಆ ಪಟ್ಟಣದ ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ನುಡಿ ದಖ್ಖನಿ ಉರ್ದು. ಪಾವಗಡವಂತೂ ನಕ್ಷೆಯ ಮೇಲೆ ಆಂಧ್ರದೊಳಕ್ಕೆ ಚಾಚಿಕೊಂಡಿರುವ ತಾಲ್ಲೂಕು. ಅಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು. ಒಂದೇ ಕಡಲೆಕಾಯಿಗೆ ಈ ನಾಲ್ಕು ತಾಲ್ಲೂಕಿನಲ್ಲಿ ಮೂರು ಹೆಸರು. ಇಷ್ಟು ವ್ಯತ್ಯಾಸವಿರುವ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳನ್ನೆಲ್ಲ ಒಂದೇ ಸಭಾಂಗಣದಲ್ಲಿ ಕೂರಿಸಿ, ಒಂದೇ ಕೈಪಿಡಿ ಕೊಟ್ಟು, ಒಂದೇ ಹಾಳೆಯಿಂದ ಅಳೆಯುತ್ತಿದ್ದೆವು.

ಹಾಗೆಂದು ತರಬೇತಿಯೆಂಬುದು ನಿನ್ನೆ ಮೊನ್ನೆ ಹುಟ್ಟಿದ ಗೊಡವೆಯಲ್ಲ. ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಪ್ರಾರಂಭವಾದದ್ದು 1958ರಲ್ಲಿ. ಅದೇ ಬೆಳೆದು 2007ರಲ್ಲಿ ವಿಶ್ವವಿದ್ಯಾನಿಲಯವಾಯಿತು. ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಹುಟ್ಟಿತು. ನಮ್ಮ ಶಿಕ್ಷಕರು ಇಂದಿಗೂ ಜ್ಞಾನಭಾರತಿಯಲ್ಲಿರುವ ಆ ಸಂಸ್ಥೆಗೆ ಹೋಗಿ ಕಲಿತು ಬರುತ್ತಾರೆ. ಹೈದರಾಬಾದಿನ ಸಂಸ್ಥೆಯ ನಿರ್ದೇಶಕರಾಗಿದ್ದವರಲ್ಲಿ ನಮ್ಮ ವಿನಾಯಕ ಕೃಷ್ಣ ಗೋಕಾಕರೂ ಒಬ್ಬರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಅಗ್ರಸ್ಥಾನವಿರಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆಯನ್ನು ನಡೆಸಿದವರೇ ಕನ್ನಡದ ಪರವಾಗಿ ಆ ಮಾತನ್ನು ಬರೆದರು ಎಂಬುದನ್ನು ಇಂದು ಎರಡು ಪಕ್ಷದವರೂ ಮರೆತಿದ್ದಾರೆ.

ಆ ಕಾಲದ ಒಂದು ಪ್ರಯೋಗವನ್ನು ನೆನೆಯಬೇಕು. 1959ರ ಸುಮಾರಿಗೆ ಮದ್ರಾಸು ರಾಜ್ಯದಲ್ಲಿ ಇಂಗ್ಲಿಷ್ ಕಲಿಸುವ ಸುಮಾರು 27,000 ಪ್ರಾಥಮಿಕ ಶಿಕ್ಷಕರಿಗೆ ಹೊಸ ಕ್ರಮವನ್ನು ಹೇಳಿಕೊಡಲು ಹೊರಟರು. ಮೊದಲು ಕೆಲವೇ ಜನ ಕಲಿಯುವುದು, ಅವರು ಮತ್ತಷ್ಟು ಜನಕ್ಕೆ ಕಲಿಸುವುದು, ಆ ಜನ ತಂತಮ್ಮ ಊರಿನ ಶಿಬಿರಗಳಲ್ಲಿ ಉಳಿದವರಿಗೆ. ಉರುಳುತ್ತಾ ದಪ್ಪವಾಗುವ ಹಿಮದ ಉಂಡೆಯೆಂದು ಅದಕ್ಕೆ ಹೆಸರಾಯಿತು. ಹಿಮವನ್ನೇ ಕಂಡರಿಯದ ಮದ್ರಾಸಿನಲ್ಲಿ! ನಮ್ಮ ಕಡೆಯ ಹೋಲಿಕೆ ಕೊಡುವುದಾದರೆ ಇದು ಮಜ್ಜಿಗೆಯ ಕಥೆ. ಮೊದಲ ಮನೆಯಲ್ಲಿ ಗಟ್ಟಿ ಮೊಸರು. ಎರಡನೆಯ ಮನೆಗೆ ಸಾಲಲೆಂದು ನೀರು ಬೆರೆಯಿತು, ಮೂರನೆಯ ಮನೆಗೆ ಇನ್ನಷ್ಟು. ಕೊನೆಗೆ ಹಳ್ಳಿಯ ಮೇಷ್ಟ್ರ ಲೋಟಕ್ಕೆ ಬಿದ್ದದ್ದು ಬಿಳಿಯ ನೀರು. ಅಂದಿನಿಂದ ಇಂದಿನವರೆಗೆ ಯೋಜನೆಗಳ ಹೆಸರು ಬದಲಾಗಿದೆ: 2001ರಲ್ಲಿ ಸರ್ವಶಿಕ್ಷಾ, 2009ರಲ್ಲಿ ಪ್ರೌಢಶಾಲೆಗಳಿಗೆ ಮಾಧ್ಯಮಿಕ ಶಿಕ್ಷಾ ಅಭಿಯಾನ, 2018ರಲ್ಲಿ ಎಲ್ಲವೂ ಕೂಡಿದ ಸಮಗ್ರ ಶಿಕ್ಷಾ. ಹಂಚುವ ಕ್ರಮ ಮಾತ್ರ ಬಹುಮಟ್ಟಿಗೆ ಮಜ್ಜಿಗೆಯದೇ.

ಅಳೆಯುವ ವಿಷಯಕ್ಕೆ ಬರೋಣ. 1959ರಲ್ಲಿಯೇ, ಅಮೆರಿಕದಲ್ಲಿ, ಕಿರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು ಕಾರ್ಖಾನೆ ಕಛೇರಿಗಳ ತರಬೇತಿಯನ್ನು ಕುರಿತು ಒಂದು ಸರಳವಾದ ವಿಚಾರವನ್ನು ಮುಂದಿಟ್ಟರು. ತರಬೇತಿ ಪಡೆದವನಿಗೆ ಅದು ಹಿಡಿಸಿತೆ ಎಂಬುದು ಒಂದು ಪ್ರಶ್ನೆ. ಅವನು ಏನಾದರೂ ಕಲಿತನೆ ಎಂಬುದು ಬೇರೊಂದು. ಕಲಿತದ್ದನ್ನು ತನ್ನ ಕೆಲಸದ ಜಾಗದಲ್ಲಿ ಮಾಡುತ್ತಿರುವನೆ ಎಂಬುದು ಇನ್ನೊಂದು; ಅದರಿಂದ ಕೊನೆಗೆ ಆದದ್ದೇನು ಎಂಬುದು ಮತ್ತೂ ಒಂದು. ನಾವು ಕೊನೆಯ ಮಧ್ಯಾಹ್ನ ಹಂಚುವ ಹಾಳೆ ಮೊದಲನೆಯ ಪ್ರಶ್ನೆಯ ಹೊಸ್ತಿಲನ್ನೂ ದಾಟುವುದಿಲ್ಲ. ಶಿಬಿರದ ಮೊದಲ ದಿನವೂ ಕೊನೆಯ ದಿನವೂ ಒಂದು ಪರೀಕ್ಷೆ ಕೊಟ್ಟು ಅಂಕಗಳ ಅಂತರವನ್ನು ನೋಡುವ ಪದ್ಧತಿಯೂ ಇದೆ. ಅದು ಎರಡನೆಯ ಪ್ರಶ್ನೆ. ಮೂರನೆಯದಕ್ಕೆ ಬಸ್ಸು ಹತ್ತಬೇಕಾಗುತ್ತದೆ. ಅಲ್ಲಿಗೆ ನಮ್ಮ ಉತ್ಸಾಹ ಮುಗಿಯುತ್ತದೆ.

ಬಸ್ಸು ಹತ್ತಿದವರೂ ಇದ್ದರು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು ಮದ್ರಾಸುಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಅದು ಬೆಂಗಳೂರು ಯೋಜನೆಯೆಂದೇ ಪ್ರಸಿದ್ಧ. ವ್ಯಾಕರಣವನ್ನು ನೇರವಾಗಿ ಹೇಳಿಕೊಡುವ ಬದಲು ಮಕ್ಕಳಿಗೆ ಒಂದು ಕೆಲಸವನ್ನು ಕೊಡುವುದು, ಆ ಕೆಲಸದ ಯೋಚನೆಯಲ್ಲಿ ಮುಳುಗಿರುವಾಗ ಭಾಷೆ ತಾನಾಗಿ ಒಳಗಿಳಿಯಲಿ ಎಂದು ಬಿಡುವುದು. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಮೊದಲು ತಲಪುತ್ತದೆ ಎಂದು ಕೇಳುವಂಥ ಕೆಲಸ. ಇದನ್ನು ಅಳೆಯಲು ಎಡಿನ್‌ಬರೋದಿಂದ ವಿದ್ವಾಂಸರು ಬಂದರು. ಯೋಜನೆಯ ತರಗತಿಗಳಿಗೂ ಹಳೆಯ ಕ್ರಮದ ತರಗತಿಗಳಿಗೂ ಬಗೆಬಗೆಯ ಪರೀಕ್ಷೆ ಕೊಟ್ಟರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದವರು ಮುಂದು. ಕೆಲಸಗಳ ಪರೀಕ್ಷೆಯಲ್ಲಿ ಹೊಸಬರು ಮುಂದು. ಯಾವುದನ್ನು ಬಿತ್ತಿದರೋ ಅದರ ಕುಡುಗೋಲಿಗೆ ಅದೇ ಪೈರು ಸಿಕ್ಕಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಅನಂತರ ಹೊರಬಿದ್ದ ಮತ್ತೊಂದು ಸಂಗತಿ. ಹೊರಗಿನಿಂದ ಬಂದ ತಜ್ಞರಷ್ಟರಮಟ್ಟಿಗೆ ಆ ಶಾಲೆಗಳ ಖಾಯಂ ಶಿಕ್ಷಕರು ಆ ಕ್ರಮವನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿಯೇ ಹಾಗಾದರೆ, ತಿರುಮಣಿಯ ಕಡೆಯ ಮಾತೇನು?

ಅಂಥ ಕಡೆಗೇ ನಾನು ಒಮ್ಮೆ ಹೋದೆ. ಯಾರೂ ಕಳುಹಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶಿಬಿರ ಮುಗಿದು ನಾಲ್ಕು ತಿಂಗಳಾದ ಮೇಲೆ, ಅದರಲ್ಲಿ ಕುಳಿತಿದ್ದವರ ತರಗತಿಗಳನ್ನು ನೋಡಬೇಕೆಂಬ ಹಟ ಹುಟ್ಟಿತು. ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವುದು, ಕೈಯಲ್ಲಿ ಒಂದು ಪುಸ್ತಕ ಹಿಡಿದು ಒಂದೇ ಒಂದನ್ನು ಎಣಿಸುವುದು: ಈ ಅವಧಿಯಲ್ಲಿ ಮಕ್ಕಳು ತಮ್ಮದೇ ಆದ ಎಷ್ಟು ಇಂಗ್ಲಿಷ್ ಮಾತು ಆಡಿದರು? ಎಲ್ಲರೂ ಒಟ್ಟಾಗಿ ಕೂಗುವ ಮಾತು ಲೆಕ್ಕಕ್ಕಿಲ್ಲ. ಓದಿ ಹೇಳಿದ್ದೂ ಲೆಕ್ಕಕ್ಕಿಲ್ಲ.

ಕೊರಟಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಮೊದಲು ಹೋದೆ. ಅಲ್ಲಿನ ಶಿಕ್ಷಕಿ ಶಿಬಿರದಲ್ಲಿ ಎಲ್ಲರಿಗಿಂತ ಮುಂದಿದ್ದವರು; ಕೊನೆಯ ಪರೀಕ್ಷೆಯಲ್ಲಿ ಅವರದೇ ಮೊದಲ ಸ್ಥಾನ. ಗೋಡೆಯ ತುಂಬ ಬಣ್ಣಬಣ್ಣದ ಪಟಗಳು. ನನ್ನನ್ನು ಕಂಡು ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ ಚಟುವಟಿಕೆ ಆರಂಭಿಸಿದರು. ಗುಂಪುಗಳು ಕನ್ನಡದಲ್ಲಿ ಚೆನ್ನಾಗಿ ಹರಟೆ ಹೊಡೆದವು; ಕೊನೆಗೆ ಒಬ್ಬಳು ಜಾಣ ಹುಡುಗಿ ಎಲ್ಲರ ಪರವಾಗಿ ಒಂದು ವಾಕ್ಯವನ್ನು ಒಪ್ಪಿಸಿದಳು. ಅದು ಕೈಪಿಡಿಯದು. ಅವಧಿ ಮುಗಿದ ಮೇಲೆ ಆ ತಾಯಿ ನನ್ನ ಜೊತೆ ವರಾಂಡದವರೆಗೂ ಬಂದು ಮೆಲ್ಲಗೆ ಹೇಳಿದರು: "ಸಾರ್, ತಾವು ಬಂದಿದ್ದೀರೆಂದು ಇವತ್ತು ಇದನ್ನು ಮಾಡಿಸಿದೆ. ದಿನಾ ಮಾಡಿಸುವುದಿಲ್ಲ. ಹತ್ತನೆಯ ಕ್ಲಾಸು. ಫಲಿತಾಂಶ ಕಡಮೆಯಾದರೆ ಯಾರೂ ನನ್ನನ್ನು ಚಟುವಟಿಕೆ ಮಾಡಿಸಿದಿರಾ ಎಂದು ಕೇಳುವುದಿಲ್ಲ."

ಆಕೆ ಹೇಳಿದ್ದು ಅಕ್ಷರಶಃ ನಿಜ. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 100 ಅಂಕ. ಅದರಲ್ಲಿ 80 ಸಾರ್ವಜನಿಕ ಪರೀಕ್ಷೆಯ ಬರವಣಿಗೆಗೆ, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದು, ಪತ್ರ, ಒಬ್ಬ ವ್ಯಕ್ತಿಯ ಪರಿಚಯ, ಚಿತ್ರದ ವಿವರಣೆ, ಇವೆಲ್ಲಕ್ಕೂ ಅಚ್ಚುಗಳಿವೆ. ಅಚ್ಚಿಗೆ ಹಿಟ್ಟು ಒತ್ತಿದರೆ ಚಕ್ಕುಲಿ ಬರುತ್ತದೆ. ಬಾಯಿಬಿಟ್ಟು ಒಂದು ಮಾತೂ ಆಡದ ಹುಡುಗ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಬಲ್ಲ. ಶಿಬಿರ ಒಂದು ಕಡೆಗೆ ಎಳೆಯುತ್ತದೆ, ಪರೀಕ್ಷೆ ಮತ್ತೊಂದು ಕಡೆಗೆ. ನಡುವೆ ನಿಂತವಳು ಆ ಶಿಕ್ಷಕಿ. 'ಕಲಿತದ್ದನ್ನು ತರಗತಿಯಲ್ಲಿ ಬಳಸುತ್ತಿಲ್ಲ' ಎಂದು ಅವರ ಹೆಸರಿನ ಮುಂದೆ ಬರೆಯುವುದು ಸುಲಭ. ಬರೆಯಲು ನನಗೆ ನಾಚಿಕೆಯಾಯಿತು.

ಶಿರಾ, ಮಧುಗಿರಿಗಳಲ್ಲಿ ಕಂಡದ್ದು ಇದಕ್ಕಿಂತ ಬಹಳ ಬೇರೆಯಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ. ಶಿರಾದ ಒಬ್ಬ ಹುಡುಗ ಮಾತ್ರ ನೆನಪಿನಲ್ಲಿದ್ದಾನೆ. ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಸಂಜೆ ಕೆಲಸ ಮಾಡುವವನು. ಲಾರಿಯ ಭಾಗಗಳ ಇಂಗ್ಲಿಷ್ ಹೆಸರುಗಳು ಅವನಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಬರುತ್ತಿದ್ದವು. ತರಗತಿಯಲ್ಲಿ ಅವನು ಇಂಗ್ಲಿಷ್ ಬಾರದವರ ಪಟ್ಟಿಯಲ್ಲಿದ್ದ.

ಪಾವಗಡಕ್ಕೆ ಕೊನೆಯಲ್ಲಿ ಹೋದೆ. ಮಧುಗಿರಿಯಿಂದ ಸುಮಾರು 60 ಕಿಲೋಮೀಟರು. ಅಲ್ಲಿಂದ ಮುಂದೆ ಇನ್ನೊಂದು ಬಸ್ಸು. ತಿರುಮಣಿಯ ಸುತ್ತಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರವಿದ್ಯುತ್ತಿನ ಹಲಗೆಗಳು ಹಾಸಿಕೊಂಡಿರುವುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. 2050 ಮೆಗಾವಾಟಿನ ಸ್ಥಾವರ. 2018ರಲ್ಲಿ ಮೊದಲ ಹಂತ ಆರಂಭವಾಯಿತು. ರೈತರ ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಕಡಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಗಾಜು ಮಿರುಗುತ್ತದೆ.

ಆ ಸೀಮೆಯ ಶಾಲೆಯ ಮೇಷ್ಟ್ರು ನಮ್ಮ ಶಿಬಿರದ ಕೊನೆಯ ಸಾಲಿನವರು. ಓದಿದ್ದು ಇತಿಹಾಸ, ನೇಮಕವಾದದ್ದು ಸಮಾಜ ವಿಜ್ಞಾನಕ್ಕೆ. ಇಂಗ್ಲಿಷ್ ಶಿಕ್ಷಕರಿಲ್ಲದ ಶಾಲೆಯಲ್ಲಿ ಇಂಗ್ಲಿಷು ಇವರ ತಲೆಗೆ ಬಂತು. ನಮ್ಮ ಪ್ರೌಢಶಾಲೆಗಳಲ್ಲಿ ಇದು ಅಪರೂಪದ ಕಥೆಯೇನಲ್ಲ. ಶಿಬಿರದಲ್ಲಿ ಅವರು ಬಾಯಿಬಿಟ್ಟದ್ದೇ ಕಡಮೆ. ಅಲ್ಲಿ ಕನ್ನಡ ಮಾತನಾಡಿದವರಿಗೆ ತಮಾಷೆಯ ದಂಡವೊಂದಿತ್ತು, ಒಂದು ಹಾಡು ಹೇಳಬೇಕೆಂದು. ಈಗ ಯೋಚಿಸಿದರೆ ಆ ತಮಾಷೆ ನನಗೆ ರುಚಿಸುವುದಿಲ್ಲ. ನಲವತ್ತು ದಾಟಿದ, ಊರಿನಲ್ಲಿ ಮರ್ಯಾದೆಯುಳ್ಳ ಒಬ್ಬ ಮೇಷ್ಟ್ರು, ತನ್ನ ತಪ್ಪು ಇಂಗ್ಲಿಷನ್ನು ಜೊತೆಯವರು ಕೇಳಿ ನಕ್ಕಾರೆಂದು ಹೆದರಿ ಸುಮ್ಮನೆ ಕುಳಿತಿರುತ್ತಾನೆ. ನಾವು ಅವನಿಗೆ ಬೋಧನೆಯ ಹೊಸ ಹೊಸ ವಿಧಾನಗಳನ್ನು ಉಪದೇಶಿಸುತ್ತೇವೆ. ಅವನಿಗೆ ಬೇಕಾದದ್ದು ವಿಧಾನವಲ್ಲ, ಧೈರ್ಯ. ಅದಕ್ಕೂ ಮೊದಲು, ತಾನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ನಾಲ್ಕು ಮಾತು ಆಡಬಲ್ಲೆನೆಂಬ ಅಭ್ಯಾಸ. ಕನ್ನಡದಲ್ಲಿ ಹೊಸ ಕಾವ್ಯಕ್ಕೆ ದಾರಿ ಮಾಡಿದ ಬಿ.ಎಂ.ಶ್ರೀಯವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಎರಡು ಭಾಷೆಗಳೂ ಅವರ ಮನಸ್ಸಿನ ಒಂದೇ ಪಡಸಾಲೆಯಲ್ಲಿ ಕುಳಿತಿದ್ದವು. ಅವರ ನಾಡಿನಲ್ಲಿ ಇಂಗ್ಲಿಷ್ ಕಲಿಯುವವನು ಕನ್ನಡವಾಡಿದರೆ ದಂಡವೆಂದು ಯಾರು ಹೇಳಿಕೊಟ್ಟರೋ!

ಆ ಮೇಷ್ಟ್ರ ಒಂಬತ್ತನೆಯ ತರಗತಿಯಲ್ಲಿ ಕುಳಿತೆ. ಕೈಪಿಡಿಯಿಲ್ಲ, ಪಟವಿಲ್ಲ. ಜೇಬಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಮೇಜಿನ ಮೇಲೆ ಸುರಿದರು. ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಒಂದು ಹುಡುಗ ಶೆನಕ್ಕಾಯ ಎಂದ, ಮಕ್ಕಳು ನಕ್ಕರು, ಮೇಷ್ಟ್ರೂ ನಕ್ಕು, "ಎಸ್, ಶೆನಕ್ಕಾಯ. ಇನ್ ಕನ್ನಡ? ಇನ್ ಇಂಗ್ಲಿಷ್?" ಎಂದರು. ಮೂರು ಹೆಸರೂ ಕರಿಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬಂದವು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು, ನಿಮ್ಮ ಹೊಲದಲ್ಲಿ ಏನು ಬೆಳೆಯುತ್ತೀರಿ ಎಂದು. ಅವರ ಪ್ರಶ್ನೆಯ ಇಂಗ್ಲಿಷಿನಲ್ಲಿಯೂ ಒಂದೆರಡು ತಪ್ಪುಗಳಿದ್ದವು. ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ನೋ ಗ್ರೌಂಡ್‌ನಟ್ ಸಾರ್. ನೌ ಸೋಲಾರ್."

"ಯುವರ್ ಫಾದರ್?"

"ಗೋಯಿಂಗ್ ಬೆಂಗಳೂರ್ ಸಾರ್. ಬಿಲ್ಡಿಂಗ್ ವರ್ಕ್."

ತರಗತಿ ಒಂದು ಗಳಿಗೆ ಸುಮ್ಮನಾಯಿತು. ಆಕೆಯ ಮಾತಿನಲ್ಲಿ ಕ್ರಿಯಾಪದ ಸರಿಯಿರಲಿಲ್ಲ. ಆದರೆ ಅವಳು ಹೇಳಿದ್ದು ನನಗೆ ಗೊತ್ತಿರಲಿಲ್ಲ, ಮೇಷ್ಟ್ರಿಗೂ ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಕೇಳುವವನಿಗೆ ಗೊತ್ತಿಲ್ಲದ ಒಂದು ಸುದ್ದಿಯನ್ನು ಅವಳು ಇಂಗ್ಲಿಷಿನಲ್ಲಿ ತಿಳಿಸಿದ್ದಳು. ನಾಲ್ಕು ತಾಲ್ಲೂಕು ತಿರುಗಿದ ನನ್ನ ಪುಸ್ತಕದಲ್ಲಿ ನಿಜವಾಗಿ ಎಣಿಸಿಕೊಳ್ಳಬೇಕಾಗಿದ್ದ ಮಾತು ಇದು. ಎಣಿಕೆ ಅಂದು ಎರಡು ಕೈಗಳ ಬೆರಳನ್ನು ಮೀರಲಿಲ್ಲ. ಬೇರೆ ಕಡೆಗಳಲ್ಲಿ ಒಂದು ಕೈಯ ಬೆರಳೂ ಮಡಿಸಬೇಕಾಗಿರಲಿಲ್ಲ.

ನನ್ನ ಚೀಲದಲ್ಲಿ ಇಲಾಖೆಯ ಕ್ರಮದ ವೀಕ್ಷಣಾ ನಮೂನೆಯೊಂದೂ ಇತ್ತು. ಅಭ್ಯಾಸಬಲದಿಂದ ಅದನ್ನು ತುಂಬಲು ಹೊರಟೆ. ಬೋಧನೋಪಕರಣಗಳ ಬಳಕೆ: ಒಂದು ಹಿಡಿ ಕಡಲೆಕಾಯಿ ಎಂದು ಬರೆಯುವುದೋ ಬೇಡವೋ? ಗುಂಪು ಚಟುವಟಿಕೆ: ಇಲ್ಲ. ಶಿಕ್ಷಕರ ಭಾಷಾ ಶುದ್ಧತೆ: ಸಾಧಾರಣ. ತರಗತಿಯಲ್ಲಿ ಮಾತೃಭಾಷೆಯ ಬಳಕೆ: ಇದು ದೋಷಗಳ ಪಟ್ಟಿಯಲ್ಲಿತ್ತು, ಮತ್ತು ಆ ನಮೂನೆಯ ಪ್ರಕಾರ ಮಾತೃಭಾಷೆಯೆಂದರೆ ಕನ್ನಡ. ತೆಲುಗಿಗೆ ಮನೆಯೇ ಇರಲಿಲ್ಲ. ಕೂಡಿಸಿದರೆ ಆ ಮೇಷ್ಟ್ರಿಗೆ ಕೊರಟಗೆರೆಯ ಶಿಕ್ಷಕಿಯ ಅರ್ಧದಷ್ಟೂ ಅಂಕ ಬರುತ್ತಿರಲಿಲ್ಲ. ನಮೂನೆಯನ್ನು ಮಡಿಸಿ ಒಳಗಿಟ್ಟೆ.

ಅವರು ಇದನ್ನು ಶಿಬಿರದಲ್ಲಿ ಕಲಿತರೆ? ನಾನು ಕೇಳಿಯೇಬಿಟ್ಟೆ. ಅವರು ಸ್ವಲ್ಪ ಸಂಕೋಚಪಟ್ಟುಕೊಂಡು ಹೇಳಿದರು: "ಸಾರ್, ನಿಮ್ಮ ಮುಂದೆ ಸುಳ್ಳು ಹೇಳಬಾರದು. ಶಿಬಿರದಲ್ಲಿ ಒಂದು ದಿನ ಸಂಜೆ ಯಾರೋ ಒಬ್ಬರು, ಗೊತ್ತಿರುವ ಉತ್ತರಕ್ಕಾಗಿ ಪ್ರಶ್ನೆ ಕೇಳಬೇಡಿ ಎಂದರು. ಅದೊಂದು ತಲೆಯಲ್ಲಿ ಉಳಿಯಿತು. ಮಿಕ್ಕಿದ್ದು ಅರ್ಥವಾಗಲಿಲ್ಲ. ಇಲ್ಲಿಗೆ ಬಂದ ಮೇಲೆ ಎರಡು ಸಲ ಹೀಗೆ ಮಾಡಿ ನೋಡಿದೆ, ಕೆಟ್ಟಿತು. ಕೇಳೋಣವೆಂದರೆ ಇಂಗ್ಲಿಷ್ ಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆ?" ಆ ಒಂದು ಮಾತನ್ನು ಯಾವ ಸಂಪನ್ಮೂಲ ವ್ಯಕ್ತಿ ಆಡಿದರೆಂದು ಅವರಿಗೆ ನೆನಪಿಲ್ಲ, ನಮ್ಮ ವೇಳಾಪಟ್ಟಿಯಲ್ಲಂತೂ ಅಂಥ ಪಾಠವೇ ಇರಲಿಲ್ಲ. ಊಟದ ಹೊತ್ತಿನಲ್ಲೋ ಚಹಾದ ಹೊತ್ತಿನಲ್ಲೋ ಬಿದ್ದ ಮಾತಿರಬೇಕು. ಎರಡು ಸಲ ಕೆಟ್ಟಾಗ ಪಕ್ಕದಲ್ಲಿ ಒಬ್ಬರಿದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ನನಗೆ ಅನಿಸಿತು. ಶಿಬಿರಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಬಸ್ಸಿನ ಟಿಕೆಟ್ಟಿಗೆ ತೆಗೆದಿಟ್ಟು, ಕಲಿಸಿದವರೇ ಮೂರು ತಿಂಗಳಿಗೊಮ್ಮೆ ಶಾಲೆಗೆ ಹೋಗಿ, ಅಂಕ ಹಾಕದೆ, ಹಿಂದಿನ ಬೆಂಚಿನಲ್ಲಿ ಕುಳಿತು ಬರುವಂತಾದರೆ ಅದೇ ತರಬೇತಿ, ಅದೇ ಮೌಲ್ಯಮಾಪನ. ಇದನ್ನು ನನ್ನ ಮುಂದಿನ ವರದಿಯಲ್ಲಿ ಬರೆದೆ. ಪುಟಗಳ ಸಂಖ್ಯೆ ಹೆಚ್ಚಾಯಿತೆಂದು ಆ ಭಾಗವನ್ನು ಕೈಬಿಟ್ಟು ಮೇಲಕ್ಕೆ ಕಳುಹಿಸಿದರೆಂದು ಆಮೇಲೆ ತಿಳಿಯಿತು.

ಹೊರಡುವ ಮುಂಚೆ ಮೇಷ್ಟ್ರು ಒಂದು ವಿಚಿತ್ರವಾದ ಬೇಡಿಕೆ ಇಟ್ಟರು. "ಸಾರ್, ಶಿಬಿರದ ಕೊನೆಯ ದಿನ ಒಂದು ಹಾಳೆ ಕೊಟ್ಟಿದ್ದಿರಲ್ಲ, ತುಂಬ ಉಪಯುಕ್ತ ಎಂದು ಬರೆದುಕೊಟ್ಟೆ. ಆಗ ಬಸ್ಸಿಗೆ ಹೊತ್ತಾಗಿತ್ತು. ಅಂಥದೇ ಇನ್ನೊಂದು ಇದ್ದರೆ ಈಗ ಕೊಡುತ್ತೀರಾ?" ಚೀಲದಲ್ಲಿ ಹುಡುಕಿದೆ, ಒಂದು ಖಾಲಿ ಹಾಳೆ ಸಿಕ್ಕಿತು. ಅವರು ಗುರುತು ಹಾಕುವ ಮನೆಗಳನ್ನು ಹಾಗೆಯೇ ಬಿಟ್ಟು, ಹಾಳೆಯನ್ನು ತಿರುವಿಹಾಕಿ, ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯತೊಡಗಿದರು. ಶಾಲೆಯ ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೊರಟರು. ಹಾಳೆ ತುಂಬಿ, ಅವರು ಹಾಜರಿ ಪುಸ್ತಕದಿಂದ ಇನ್ನೊಂದು ಹಾಳೆ ಹರಿದುಕೊಂಡರು. ಅದೂ ತುಂಬುವ ಹೊತ್ತಿಗೆ ಪಾವಗಡದ ಕೊನೆಯ ಬಸ್ಸು ಹೋಗಿತ್ತು. ಆ ರಾತ್ರಿ ನಾನು ಅವರ ಮನೆಯಲ್ಲಿಯೇ ಉಳಿದುಕೊಂಡೆ.